ಊರು ಬಿಟ್ಟವರ ಎರಡು ದಾರಿಗಳು

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಹಿರಿಯರು ಹೇಳುತ್ತಾರೆ. ಈ ಮಾತಿನ ಮೊದಲ ಅರ್ಧವನ್ನು ನಮ್ಮ ಸಾಂಗಲಿ ಜಿಲ್ಲೆಯ ಪೂರ್ವಭಾಗದ ಜನ ಚೆನ್ನಾಗಿಯೇ ಪಾಲಿಸಿದ್ದಾರೆ. ಕೇರಳ, ತಮಿಳುನಾಡಿನ ಸರಾಫ ಪೇಟೆಗಳಿಗೆ ಹೋಗಿ ವಿಚಾರಿಸಿದರೆ ನಮ್ಮ ಜಿಲ್ಲೆಯವರು ಸಿಗುತ್ತಾರೆ. ಕೊಲ್ಹಾಪುರ, ಸಾತಾರಾ, ಬೆಳಗಾವಿ, ಬಾಗಲಕೋಟೆಯ ಕಬ್ಬಿನ ಹೊಲಗಳಿಗೆ ಹೋಗಿ ವಿಚಾರಿಸಿದರೂ ನಮ್ಮವರೇ ಸಿಗುತ್ತಾರೆ. ಆದರೆ ಇವರಾರೂ ದೇಶ ನೋಡುವ ಹವ್ಯಾಸದಿಂದ ಮನೆ ಬಿಟ್ಟವರಲ್ಲ. ಮಳೆ ಕೈಕೊಟ್ಟು, ಬಾವಿ ಬತ್ತಿ, ಎತ್ತಿಗೆ ಮೇವಿಲ್ಲದಂತಾದಾಗ ಹೊಟ್ಟೆ ಹೊರೆಯಲು ಹೊರಟವರು. ಇದಕ್ಕೆ ನಾವು ಗುಳೆ ಹೋಗುವುದು ಎನ್ನುತ್ತೇವೆ.

ಹೀಗೆ ಹೋದವರಲ್ಲಿ ಎರಡು ದೊಡ್ಡ ಗುಂಪುಗಳಿವೆ. ಮೊದಲನೆಯದು ಚಿನ್ನ ಬೆಳ್ಳಿ ಕರಗಿಸಿ ಶುದ್ಧ ಮಾಡುವ ಗಲಾಯಿ ಕೆಲಸದವರದು. ಎರಡನೆಯದು ಸಕ್ಕರೆ ಕಾರ್ಖಾನೆಗಳಿಗಾಗಿ ಕಬ್ಬು ಕಡಿಯುವವರದು. ಮೊದಲನೆಯವರು ಹೆಚ್ಚಾಗಿ ನಮ್ಮ ಜಿಲ್ಲೆಯ ಖಾನಾಪುರ, ಆಟಪಾಡಿ, ಕವಠೆ ಮಹಾಂಕಾಳ, ತಾಸಗಾಂವ ತಾಲೂಕುಗಳವರು. ವಿಟಾ ಪಟ್ಟಣವೇ ಅವರ ತವರು ಎನ್ನಬಹುದು. ಎರಡನೆಯ ಗುಂಪಿನಲ್ಲಿ ನಮ್ಮ ಜತ್ತ ತಾಲೂಕಿನವರು ಬಹಳ. ಇಬ್ಬರನ್ನೂ ಊರು ಬಿಡಿಸಿದ್ದು ಒಂದೇ ಬರಗಾಲ. ಆದರೂ ಇಂದು ಇಬ್ಬರ ಮನೆಗಳನ್ನು ನೋಡಿದರೆ ಅಜಗಜಾಂತರ ಕಾಣುತ್ತದೆ. ಇದು ಹೇಗಾಯಿತು ಎಂಬುದನ್ನು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ಈ ವಿಚಾರ ನಮ್ಮ ಶಾಲೆಯ ಬೆಂಚುಗಳಿಗೂ ಸಂಬಂಧಪಟ್ಟದ್ದು. ದೀಪಾವಳಿಯ ರಜೆ ಮುಗಿದು ಶಾಲೆ ತೆರೆದಾಗ ಯಾವ ಬೆಂಚುಗಳು ಖಾಲಿ ಇರುತ್ತವೆ ಎಂಬುದನ್ನು ವಿದ್ಯಾರ್ಥಿಗಳಾದ ನೀವೇ ಬಲ್ಲಿರಿ.

ಮೊದಲು ಬರದ ಮಾತು. ನಮ್ಮ ಜಿಲ್ಲೆಯ ನಕಾಶೆಯನ್ನು ಎದುರಿಗಿಟ್ಟುಕೊಳ್ಳಿ. ಪಶ್ಚಿಮಕ್ಕೆ ಶಿರಾಳಾ, ವಾಳವಾ ತಾಲೂಕುಗಳು. ಅಲ್ಲಿ ಕೃಷ್ಣೆ, ವಾರಣೆಯರ ನೀರು, ಹಸಿರು ಕಬ್ಬು. ಪೂರ್ವಕ್ಕೆ ಬಂದಂತೆ ಮಳೆ ಕಡಿಮೆಯಾಗುತ್ತ ಹೋಗಿ ಜತ್ತಕ್ಕೆ ಬರುವಷ್ಟರಲ್ಲಿ ಜೋಳ, ಸಜ್ಜೆಗಳಿಗೂ ಆಕಾಶ ನೋಡುವ ಸ್ಥಿತಿ. 1972ರ ಬರಗಾಲವನ್ನು ನಿಮ್ಮ ಅಜ್ಜ ಅಜ್ಜಿಯರು ಇನ್ನೂ ಮರೆತಿರಲಾರರು. ಬರ ಬಿದ್ದಾಗ ಜನ ಊರು ಬಿಡದಂತೆ ಊರಲ್ಲೇ ಕೆಲಸ ಕೊಡಬೇಕು ಎಂಬ ರೋಜಗಾರ ಹಮಿ ಯೋಜನೆಯ ಜನಕರಾದ ವಿ. ಸ. ಪಾಗೆಯವರು ನಮ್ಮ ಜಿಲ್ಲೆಯವರೇ ಎಂಬುದನ್ನು ಇಲ್ಲಿ ಅಭಿಮಾನದಿಂದ ನೆನೆಯಬೇಕು. ತಾಸಗಾಂವ ತಾಲೂಕಿನಲ್ಲಿ ಪ್ರಯೋಗವಾಗಿ ಆರಂಭವಾದ ಆ ವಿಚಾರ ಮುಂದೆ ಇಡೀ ರಾಜ್ಯಕ್ಕೆ ಹರಡಿ, 1977ರಲ್ಲಿ ಕಾಯ್ದೆಯಾಯಿತು. ಆದರೂ ಗುಳೆ ನಿಲ್ಲಲಿಲ್ಲ.

ಈಗ ಗಲಾಯಿಯವರನ್ನು ನೋಡೋಣ. ಇವರ ಕೆಲಸ ನಿಮ್ಮ ವಿಜ್ಞಾನದ ಪಾಠಕ್ಕೆ ಹತ್ತಿರವಾದದ್ದು. ಹಳೆಯ ಆಭರಣದ ಚಿನ್ನಕ್ಕೆ ಬೆಳ್ಳಿ ಬೆರೆಸಿ ಮೂಸೆಯಲ್ಲಿ ಕರಗಿಸುತ್ತಾರೆ. ಅದನ್ನು ನೈಟ್ರಿಕ್ ಆಮ್ಲದಲ್ಲಿ ಕಾಯಿಸಿದರೆ ಬೆಳ್ಳಿ, ತಾಮ್ರಗಳು ಆಮ್ಲದಲ್ಲಿ ಕರಗಿಹೋಗಿ ಚಿನ್ನ ಮಾತ್ರ ತಳದಲ್ಲಿ ಉಳಿಯುತ್ತದೆ. ಅಕ್ಕಸಾಲಿಗರ ಅಂಗಡಿಯ ಕಸ ಗುಡಿಸಿದ ಧೂಳನ್ನೂ ಕೊಂಡು, ತೊಳೆದು, ಸೋಸಿ ಅದರೊಳಗಿನ ಚಿನ್ನದ ಕಣ ತೆಗೆಯುವ ಜಾಣರು ಇವರು. ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿಯೂ ಕಲಿಯಲಿಲ್ಲ. ಮೊದಲು ಹೋದವನು ಪರವೂರ ಸರಾಫ ಕಟ್ಟೆಯಲ್ಲಿ ಒಂದು ಸಣ್ಣ ಖೋಲಿ ಬಾಡಿಗೆ ಹಿಡಿದ. ನಾಲ್ಕು ವರ್ಷಕ್ಕೆ ಅಕ್ಕನ ಮಗನನ್ನು ಕರೆಸಿಕೊಂಡ. ಆ ಹುಡುಗ ಒಲೆ ಊದಿ, ಕಸ ಬಳಿದು, ಕೆಲಸ ಕಲಿತು, ಬೇರೆ ಊರಲ್ಲಿ ತನ್ನದೇ ಅಂಗಡಿ ಹಾಕಿದ. ತಾನು ತನ್ನ ತಮ್ಮನನ್ನು ಕರೆಸಿಕೊಂಡ. ಹೀಗೆ ಒಂದು ದೀಪದಿಂದ ಇನ್ನೊಂದು ದೀಪ ಹಚ್ಚಿದಂತೆ ಭಾರತದ ಮೂಲೆ ಮೂಲೆಗೂ ಈ ಕಸುಬು ಹರಡಿತು.

ಇದರ ಫಲ ಕಣ್ಣಿಗೆ ಕಾಣುತ್ತದೆ. ವಿಟಾ ಸುತ್ತಲಿನ ಹಳ್ಳಿಗಳಲ್ಲಿ ಗಲಾಯಿಯ ದುಡ್ಡಿನಿಂದ ಎದ್ದ ಮನೆಗಳು, ಗುಡಿಗಳು ಇವೆ. ಜಾತ್ರೆಗೆ ಇವರು ಊರಿಗೆ ಬಂದರೆ ಮರ್ಯಾದೆ ಉಂಟು. ಹೆಣ್ಣು ಕೊಡುವವರು ತಾವಾಗಿ ಮುಂದೆ ಬರುತ್ತಾರೆ. ಇವರ ಮಕ್ಕಳು ಊರಲ್ಲಿ ಅಜ್ಜನ ಬಳಿ ಇರಲಿ, ಪರವೂರಲ್ಲಿ ತಂದೆಯ ಬಳಿ ಇರಲಿ, ಒಂದು ಕಡೆ ನೆಲೆ ನಿಂತು ಜೂನ್‌ನಿಂದ ಪರೀಕ್ಷೆಯವರೆಗೆ ಒಂದೇ ಶಾಲೆಯಲ್ಲಿ ಕೂಡುತ್ತಾರೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು. ಮುಂದೆ ಇದು ಬೇಕಾಗುತ್ತದೆ.

ಹಾಗೆಂದು ಇವರ ಬಾಳು ಬರೀ ಬಂಗಾರವಲ್ಲ. ಆಮ್ಲದಿಂದೇಳುವ ಕಂದು ಬಣ್ಣದ ಹೊಗೆ ಎದೆಗೆ ವಿಷ. ಚಿಕ್ಕ ಖೋಲಿಯಲ್ಲಿ ವರ್ಷಗಟ್ಟಲೆ ಅದನ್ನೇ ಉಸಿರಾಡಬೇಕು. ಕೈಯಲ್ಲಿ ಪರರ ಚಿನ್ನ ಇರುವುದರಿಂದ ಕಳ್ಳರ ಅಂಜಿಕೆ ಒಂದು ಕಡೆ, ಕದ್ದ ಮಾಲಿನ ಸಂಶಯ ಬಂದರೆ ಪೊಲೀಸರ ಅಂಜಿಕೆ ಇನ್ನೊಂದು ಕಡೆ. 1963ರಲ್ಲಿ ಜಾರಿಗೆ ಬಂದ ಚಿನ್ನ ನಿಯಂತ್ರಣ ನಿಯಮಗಳು ಚಿನ್ನದ ಕೆಲಸದವರನ್ನೆಲ್ಲ ಗೋಳಾಡಿಸಿದವು. ಆ ನಿಯಂತ್ರಣ ಪೂರ್ತಿ ತೆಗೆದದ್ದು 1990ರಲ್ಲಿ. 2016ರ ನೋಟು ರದ್ದತಿ, 2020ರ ಲಾಕ್‌ಡೌನ್ ಕಾಲದಲ್ಲಿ ಒಲೆಗಳು ಆರಿ ಕುಳಿತವು. ಎಲ್ಲಕ್ಕಿಂತ ಮಿಗಿಲಾಗಿ, ಮೀಸೆ ಮೂಡುವ ಮೊದಲೇ ತಾಯಿಯನ್ನು ಬಿಟ್ಟು ಗೊತ್ತಿಲ್ಲದ ಭಾಷೆಯ ಊರಿಗೆ ಹೋದ ಹುಡುಗನ ದುಃಖವನ್ನು ಯಾವ ತಕ್ಕಡಿಯಲ್ಲಿ ತೂಗಬೇಕು?

ಇನ್ನು ಕಬ್ಬು ಕಡಿಯುವವರು. ಸೀಗಿ ಹುಣ್ಣಿಮೆ ಕಳೆದು ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಹಳ್ಳಿಗಳಿಗೆ ಟ್ರ್ಯಾಕ್ಟರುಗಳು ಬರತೊಡಗುತ್ತವೆ. ಹಾಸಿಗೆ, ಪಾತ್ರೆ, ಜೋಳದ ಚೀಲ, ಕೋಳಿ, ಆಡುಮರಿ, ಮಕ್ಕಳು ಎಲ್ಲವನ್ನೂ ಹೇರಿಕೊಂಡು ಟ್ರೇಲರ್ ಹೊರಡುತ್ತದೆ. ತಿರುಗಿ ಬರುವುದು ಯುಗಾದಿಯ ಸುಮಾರಿಗೆ. ಗುಡ್ಡಾಪುರದ ದಾನಮ್ಮನ ಜಾತ್ರೆ ನಡೆಯುವಾಗ ಇವರು ಯಾವುದೋ ದೂರದ ಹೊಲದಲ್ಲಿ ನಸುಕಿನ ಚಳಿಯಲ್ಲಿ ಕೊಯ್ತಾ ಹಿಡಿದಿರುತ್ತಾರೆ. ಕಾರ್ಖಾನೆಯ ಲೆಕ್ಕದಲ್ಲಿ ಗಂಡ ಹೆಂಡತಿ ಇಬ್ಬರು ಸೇರಿದರೆ ಒಂದು ಕೊಯ್ತಾ. ಇಬ್ಬರು ಮನುಷ್ಯರಿಗೆ ಒಂದು ಕತ್ತಿಯ ಹೆಸರು!

ಇವರನ್ನು ಕರೆದೊಯ್ಯುವವನು ಮುಕಾದಮ್. ಮಳೆಗಾಲದಲ್ಲಿ, ಮನೆಯಲ್ಲಿ ಕಾಳು ಮುಗಿದ ಹೊತ್ತಿಗೆ, ಮದುವೆಯ ಸಾಲವೋ ದವಾಖಾನೆಯ ಖರ್ಚೋ ತಲೆಯ ಮೇಲಿರುವಾಗ, ಅವನು ಬಂದು ಮುಂಗಡ ಕೊಡುತ್ತಾನೆ. ಇದಕ್ಕೆ ಉಚಲ ಎನ್ನುತ್ತಾರೆ. ಉಚಲ ಹಿಡಿದ ಮೇಲೆ ಹೋಗಲೇಬೇಕು. ಇಲ್ಲಿ ನಾವೆಲ್ಲ ಸೇರಿ ಒಂದು ಲೆಕ್ಕ ಮಾಡೋಣ. ಜನವರಿ 2024ರಲ್ಲಿ ಆದ ಒಪ್ಪಂದದಂತೆ ನಮ್ಮ ರಾಜ್ಯದಲ್ಲಿ ಕಡಿಯುವ ಕೂಲಿ ಶೇಕಡಾ 34ರಷ್ಟು ಹೆಚ್ಚಿ ಟನ್ನಿಗೆ ಸುಮಾರು 366 ರೂಪಾಯಿ ಆಯಿತು. ಒಂದು ಜೋಡಿ 1 ಲಕ್ಷ ರೂಪಾಯಿ ಉಚಲ ತೆಗೆದುಕೊಂಡಿತು ಎನ್ನಿ. ಅದು ತೀರಬೇಕಾದರೆ 273 ಟನ್ ಕಬ್ಬು ಕಡಿಯಬೇಕು. ದಿನಕ್ಕೆ 2 ಟನ್ ಕಡಿದರೂ 137 ದಿನ ಬೇಕು; ಒಂದು ದಿನವೂ ಜ್ವರ ಬರಬಾರದು, ಒಂದು ದಿನವೂ ಮಳೆ ಬರಬಾರದು. ಆದರೆ 2024-25ರ ಹಂಗಾಮಿನಲ್ಲಿ ರಾಜ್ಯದ ಅನೇಕ ಕಾರ್ಖಾನೆಗಳು 100 ದಿನ ಕೂಡ ನಡೆಯಲಿಲ್ಲ. ಉಳಿದ 37 ದಿನದ ದುಡಿಮೆ ಸಾಲವಾಗಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಅಷ್ಟು ದಿನ ಉಂಡ ಜೋಳ, ಎಣ್ಣೆ, ಉಪ್ಪಿನ ಖರ್ಚನ್ನು ನಾವಿನ್ನೂ ಹಿಡಿದೇ ಇಲ್ಲ. ಸಾಲ ತೀರಿಸಲೆಂದು ಹೋದವನು ಸಾಲದೊಡನೆ ತಿರುಗಿ ಬರುವ ಗುಟ್ಟು ಇದು.

ಸಕ್ಕರೆಗೂ ಗುಳೆಗೂ ಇರುವ ನಂಟು ಹೊಸದೇನಲ್ಲ. 1834ರಿಂದ 1917ರವರೆಗೆ ನಮ್ಮ ದೇಶದ ಲಕ್ಷಾಂತರ ಬಡವರನ್ನು ಮಾರಿಷಸ್, ಫಿಜಿ, ಟ್ರಿನಿಡಾಡ್ ಮೊದಲಾದ ದ್ವೀಪಗಳ ಕಬ್ಬಿನ ತೋಟಗಳಿಗೆ ಹಡಗಿನಲ್ಲಿ ಸಾಗಿಸಿದರು. ‘ಅಗ್ರಿಮೆಂಟ್’ ಎಂಬ ಮಾತು ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಹುಬ್ಬಳ್ಳಿಯಲ್ಲಿ ನಾವು ತಿನ್ನುವ ಗಿರ್ಮಿಟ್ ಬೇರೆ. ಈ ಗಿರ್ಮಿಟ್ ಮನುಷ್ಯರನ್ನೇ ತಿಂದಿತು. ಇಂದು ಹಡಗಿನ ಬದಲು ಟ್ರ್ಯಾಕ್ಟರ್ ಬಂದಿದೆ, ಕಾಗದದ ಬದಲು ಉಚಲ ಬಂದಿದೆ. ಸಾಲಕ್ಕಾಗಿ ಮನುಷ್ಯನನ್ನು ದುಡಿಮೆಗೆ ಕಟ್ಟಿಹಾಕಬಾರದು ಎಂದು 1976ರ ಜೀತ ನಿರ್ಮೂಲನ ಕಾಯ್ದೆ ಹೇಳುತ್ತದೆ. ಆದರೆ ಕಾಯ್ದೆ ಕಬ್ಬಿನ ಹೊಲದ ಬದುವಿನವರೆಗೆ ನಡೆದು ಬರುವುದು ಕಷ್ಟ.

ಹೆಣ್ಣುಮಕ್ಕಳ ಪಾಡನ್ನಂತೂ ಪಾಲಕರ ಮುಂದೆ ಬಿಚ್ಚಿ ಹೇಳಲೇಬೇಕು. ಕಡಿಯುವುದು, ಹೊರೆ ಕಟ್ಟುವುದು, ತಲೆಯ ಮೇಲೆ ಹೊತ್ತು ಏಣಿ ಹತ್ತಿ ಟ್ರೇಲರಿಗೆ ಹಾಕುವುದು, ಬಳಿಕ ಗುಡಿಸಲಿಗೆ ಬಂದು ರೊಟ್ಟಿ ಬಡಿಯುವುದು. ಬೀಡ ಜಿಲ್ಲೆಯಲ್ಲಿ 2019ರಲ್ಲಿ ಸರಕಾರದ ಸಮಿತಿಯೊಂದು ಕಬ್ಬು ಕಡಿಯುವ 82 ಸಾವಿರಕ್ಕೂ ಹೆಚ್ಚು ಸ್ತ್ರೀಯರ ವಿಚಾರಣೆ ನಡೆಸಿದಾಗ, ಅವರಲ್ಲಿ 13 ಸಾವಿರಕ್ಕೂ ಹೆಚ್ಚು ಜನರ ಗರ್ಭಕೋಶ ತೆಗೆದಿರುವುದು ಕಂಡುಬಂತು. ಇನ್ನು ಹನ್ನೆರಡು ಹದಿಮೂರರ ಹುಡುಗಿ ಗುಡಿಸಲಲ್ಲಿ ಕೂಸು ಆಡಿಸುತ್ತ, ನೀರು ತರುತ್ತ ಕಾಲ ಕಳೆಯುತ್ತಾಳೆ. ಒಂಟಿ ಗಂಡಸಿಗೆ ಅರ್ಧ ಕೊಯ್ತಾ, ಜೋಡಿಗೆ ಪೂರ್ಣ ಕೊಯ್ತಾ ಎಂಬ ಲೆಕ್ಕವಿರುವಲ್ಲಿ ಮದುವೆಯ ವಯಸ್ಸಿಗೆ ಕಾಯುವವರಾರು?

ಎರಡೂ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಏನು ತಿಳಿಯುತ್ತದೆ? ಗಲಾಯಿಯವನು ಕಷ್ಟಪಟ್ಟ, ಕಬ್ಬು ಕಡಿಯುವವನು ಕಷ್ಟಪಡಲಿಲ್ಲ ಎಂದು ಹೇಳುವಂತಿಲ್ಲ. ದುಡಿಮೆಯಲ್ಲಿ ಕಬ್ಬು ಕಡಿಯುವವನೇ ಒಂದು ಕೈ ಮೇಲು. ಒಬ್ಬನು ಜಾಣ, ಇನ್ನೊಬ್ಬನು ದಡ್ಡ ಎನ್ನುವುದಂತೂ ಶುದ್ಧ ಅವಿಚಾರ. ಊರು ಬಿಡುವಾಗ ಕೈ ಹಿಡಿದವರು ಯಾರು ಎಂಬುದರಲ್ಲಿ ವ್ಯತ್ಯಾಸವಿದೆ. ಗಲಾಯಿಯ ಹುಡುಗನಿಗೆ ಪರವೂರಲ್ಲಿ ಒಬ್ಬ ಮಾಮಾ ಇದ್ದ. ಕಬ್ಬಿನವನಿಗೆ ಮುಕಾದಮ್ ಇದ್ದ. ಮಾಮಾ ಬೈದರೂ ಕೆಲಸ ಕಲಿಸಿದ, ಒಂದು ದಿನ ನಿನ್ನ ಅಂಗಡಿ ನೀನು ಹಾಕು ಎಂದ. ಮುಕಾದಮ್ ದುಡ್ಡು ಕೊಟ್ಟ, ದುಡಿಸಿಕೊಂಡ, ಮರು ವರ್ಷ ಮತ್ತೆ ದುಡ್ಡು ಕೊಟ್ಟ. ಅಂಥ ಮಾಮಾ ಸಿಕ್ಕಿದ್ದು ಸ್ವಲ್ಪವಾದರೂ ಹೊಲ, ನಾಲ್ಕು ಜನ ನಂಟರು ಇದ್ದ ಮನೆಗಳಿಗೆ. ತಾಂಡಾದ ಲಮಾಣಿಗೆ, ಕೇರಿಯ ದಲಿತನಿಗೆ, ಒಣಬೇಸಾಯದ ಚಿಕ್ಕ ರೈತನಿಗೆ ಸರಾಫ ಪೇಟೆಯಲ್ಲಿ ಮಾಮಾ ಎಲ್ಲಿಂದ ಬರಬೇಕು?

ಇದರ ಬೆಲೆಯನ್ನು ತೆರುವವರು ಮಕ್ಕಳು. ಗಲಾಯಿಯವನ ಮಗು ಒಂದೇ ಶಾಲೆಯಲ್ಲಿ ವರ್ಷ ಮುಗಿಸುತ್ತದೆ ಎಂದೆನಲ್ಲ. ಕಬ್ಬಿನವನ ಮಗುವಿಗೆ ವರ್ಷವೇ ದೀಪಾವಳಿಗೆ ಮುರಿಯುತ್ತದೆ. “ಸರ, ನಾಳಿಂದ ನಾ ಸಾಲಿಗಿ ಬರಂಗಿಲ್ರಿ, ಟ್ರ್ಯಾಕ್ಟರ್ ಬಂದೈತ್ರಿ” ಎಂದು ಹೇಳಿ ಪಾಟಿಚೀಲ ಹೆಗಲಿಗೇರಿಸುವ ಹುಡುಗನಿಗೆ ಯಾವ ಶಿಕ್ಷಕನೂ ಏನೂ ಹೇಳಲಾರ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಹೋದ ಊರಿನ ಶಾಲೆ ಅವನನ್ನು ಸೇರಿಸಿಕೊಳ್ಳಬೇಕು. ಅದಕ್ಕಾಗಿ ನಮ್ಮ ರಾಜ್ಯದಲ್ಲಿ ಶಿಕ್ಷಣ ಹಮಿ ಪತ್ರಕವೆಂಬ ಕಾರ್ಡನ್ನೂ ಮಾಡಿದ್ದಾರೆ. ಮರಾಠಿ ಮಾಧ್ಯಮದ ಮಗುವಿಗೆ ಇದರಿಂದ ಪ್ರಯೋಜನವಾದೀತು. ಆದರೆ ನಮ್ಮದು ಗಡಿಯ ಕನ್ನಡ ಶಾಲೆ. ನಮ್ಮ ಹುಡುಗ ಬಾಲಭಾರತಿಯ ಕನ್ನಡ ಪುಸ್ತಕ ಓದುವವನು. ಕೊಲ್ಹಾಪುರ, ಸಾತಾರಾದ ಕಬ್ಬಿನ ಊರಿಗೆ ಹೋದರೆ ಅಲ್ಲಿ ಇರುವುದು ಮರಾಠಿ ಶಾಲೆ. ಬಾಗಲಕೋಟೆಯ ಕಡೆಗೆ ಹೋದರೆ ಭಾಷೆ ಕನ್ನಡವೇ ಆದರೂ ಪುಸ್ತಕ ಬೇರೆ, ರಾಜ್ಯ ಬೇರೆ. ಹೀಗೆ ನಮ್ಮ ಮಗು ಎರಡು ಕಡೆಗೂ ಪರಕೀಯ. ಆದುದರಿಂದ ಬೇರೆಯವರ ಮಕ್ಕಳು ಹೋದ ಊರಲ್ಲಿ ಕಲಿತಾರು. ನಮ್ಮ ಮಕ್ಕಳು ಇಲ್ಲಿ ಉಳಿದರೆ ಮಾತ್ರ ಕಲಿತಾರು.

ನನ್ನ ಅಭಿಪ್ರಾಯ ಇಷ್ಟೇ. ದೊಡ್ಡವರ ಗುಳೆಯನ್ನು ಇಂದೇ ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಮಕ್ಕಳ ಗುಳೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ಮಾಮಾ ಇಲ್ಲದ ಮಗುವಿಗೆ ಊರೇ ಮಾಮಾ ಆಗಬೇಕು.

ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ. ನೀರಿಗಾಗಿಯೇ ಅಲ್ಲವೇ 2012ರಲ್ಲಿ ನಮ್ಮ ತಾಲೂಕಿನ ಗಡಿಯ ಹಳ್ಳಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದ್ದು, 2022ರ ಕೊನೆಗೆ ಅದೇ ಮಾತು ಎರಡೂ ರಾಜ್ಯಗಳಲ್ಲಿ ಗದ್ದಲವೆಬ್ಬಿಸಿದ್ದು, ಮ್ಹೈಸಾಳ ಯೋಜನೆಯನ್ನು ಪೂರ್ವದ ಹಳ್ಳಿಗಳಿಗೆ ವಿಸ್ತರಿಸಲು ಸರಕಾರ ಒಪ್ಪಿದ್ದು? ನೀರು ಬರಲಿ, ಬೇಗ ಬರಲಿ. ಆದರೆ ಕಾಲುವೆ ಕಾಯಬಲ್ಲದು. ಈ ವರ್ಷ ಐದನೆಯ ಇಯತ್ತೆಯಲ್ಲಿರುವ ಮಗುವಿಗೆ ಮತ್ತೊಮ್ಮೆ ಐದನೆಯ ಇಯತ್ತೆಯ ವಯಸ್ಸು ಬರುವುದಿಲ್ಲ.

ಮಗುವನ್ನು ಯಾರ ಬಳಿ ಬಿಟ್ಟು ಹೋಗೋಣ ಎಂದು ತಾಯಂದಿರು ಕೇಳುವುದು ನ್ಯಾಯವೇ. ಅಜ್ಜಿ ಇದ್ದ ಮನೆಯಲ್ಲಿ ಅಜ್ಜಿಯ ಬಳಿ ಬಿಡಬಹುದು. ಹೀಗೆ ಉಳಿದ ಮಕ್ಕಳಿಗೆ ಊಟದ ವ್ಯವಸ್ಥೆ ಮಾಡುವ ಹಂಗಾಮಿ ವಸತಿಗೃಹದ ಯೋಜನೆ ಸರಕಾರದಲ್ಲಿದೆ. ಶಾಲಾ ವ್ಯವಸ್ಥಾಪನ ಸಮಿತಿಯವರು ದಸರೆಯ ಮೊದಲೇ ಹೋಗುವ ಕುಟುಂಬಗಳ ಯಾದಿ ಮಾಡಿ ಅರ್ಜಿ ಹಾಕಬೇಕು. ಟ್ರ್ಯಾಕ್ಟರ್ ಹೋದ ಮೇಲೆ ಯಾದಿ ಮಾಡಿ ಫಲವಿಲ್ಲ. ಕಬ್ಬು ಕಡಿಯುವವರಿಗಾಗಿ ಗೋಪಿನಾಥ ಮುಂಡೆಯವರ ಹೆಸರಿನಲ್ಲಿ 2019ರಲ್ಲಿ ಕಲ್ಯಾಣ ಮಹಾಮಂಡಳ ಸ್ಥಾಪನೆಯಾಯಿತು. ಅದಕ್ಕೆ ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ, ಸರಕಾರದಿಂದ ಅಷ್ಟೇ ಮೊತ್ತ ಎಂದೂ ತೀರ್ಮಾನವಾಯಿತು. ನಮ್ಮ ಬೆವರಿನಿಂದ ಕೂಡುವ ಹಣದಲ್ಲಿ ನಮ್ಮ ಮಕ್ಕಳ ಪಾಲನ್ನು ಕೇಳಲು ನಾಚಿಕೆ ಏಕೆ? ಅಜ್ಜಿ ಇಲ್ಲದ ಮಗುವನ್ನು ನೆರೆಮನೆಯವರು ಆರು ತಿಂಗಳು ತಮ್ಮ ಮಗುವಿನ ಜೊತೆ ಮಲಗಿಸಿಕೊಂಡರೆ ರೊಟ್ಟಿ ಕಡಿಮೆಯಾಗದು.

ಇನ್ನು ದೊಡ್ಡ ಹುಡುಗರು ನನ್ನೊಡನೆ ವಾದಿಸಬಹುದು: “ಗಲಾಯಿಯವರು ಎಷ್ಟು ಕಲಿತಿದ್ದರು? ಏಳನೆಯ ಇಯತ್ತೆ ಬಿಟ್ಟು ಹೋಗಿ ಬಂಗಲೆ ಕಟ್ಟಿಸಲಿಲ್ಲವೇ?” ಹೌದು, ಕಟ್ಟಿಸಿದರು. ಆದರೆ ಆ ಬಾಗಿಲು ಈಗ ಕಿರಿದಾಗುತ್ತಿದೆ. 2017ರಲ್ಲಿ ಜಿ.ಎಸ್.ಟಿ. ಬಂತು, ಎಲ್ಲಕ್ಕೂ ಲೆಕ್ಕ, ಎಲ್ಲಕ್ಕೂ ರಸೀದಿ. 2021ರಿಂದ ಆಭರಣಕ್ಕೆ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಚಿನ್ನ ಶುದ್ಧ ಮಾಡುವ ದೊಡ್ಡ ಯಂತ್ರಗಳು ಬಂದಿವೆ. ಅತ್ತ ಕಬ್ಬಿನ ಹೊಲಕ್ಕೂ ಕಡಿಯುವ ಯಂತ್ರ ಬಂದಿದೆ. ಅದು ಹತ್ತಾರು ಕೊಯ್ತಾಗಳ ಕೆಲಸವನ್ನು ಒಂದೇ ದಿನದಲ್ಲಿ ಮಾಡುತ್ತದೆ. ನಾಳೆ ಮಾಮಾನ ಒಲೆಯೂ ಆರಬಹುದು, ಮುಕಾದಮ್‌ನ ಉಚಲವೂ ನಿಲ್ಲಬಹುದು. ಆ ದಿನ ಓದಿದವನು ಬೇರೆ ದಾರಿ ಹುಡುಕಿಕೊಳ್ಳುತ್ತಾನೆ. ಓದದವನು ಏನು ಮಾಡಿಯಾನು?

ಮಾರಿಷಸ್‌ನ ಮಾತು ಮೇಲೆ ಬಂತು. ಬಿಹಾರದಿಂದ ಅಲ್ಲಿಯ ಕಬ್ಬಿನ ತೋಟಕ್ಕೆ ಕೂಲಿಯಾಗಿ ಹೋದವನೊಬ್ಬನ ಮಗ ಶಾಲೆಗೆ ಹೋದ, ಲಂಡನ್ನಿನಲ್ಲಿ ವೈದ್ಯಕೀಯ ಓದಿದ, ತಿರುಗಿ ಬಂದು ತನ್ನ ಜನರ ನಾಯಕನಾದ. 1968ರಲ್ಲಿ ಮಾರಿಷಸ್ ಸ್ವತಂತ್ರವಾದಾಗ ಅದರ ಮೊದಲ ಪ್ರಧಾನಮಂತ್ರಿಯಾದವರು ಅವರೇ, ಶಿವಸಾಗರ ರಾಮಗುಲಾಮರು. ಕಬ್ಬಿನ ಹೊಲದ ಮಗು ಬೆಂಚಿನ ಮೇಲೆ ಕುಳಿತರೆ ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ ಇದೊಂದು ನಿದರ್ಶನ ಸಾಕು.

ವಿದ್ಯಾರ್ಥಿಗಳೇ, ನಿಮಗೂ ಒಂದು ಕೆಲಸವಿದೆ. ಯುಗಾದಿಯ ನಂತರ ಕಪ್ಪಾಗಿ, ಸೊರಗಿ ತಿರುಗಿ ಬರುವ ನಿಮ್ಮ ಗೆಳೆಯನನ್ನು ‘ಕಬ್ಬಿನವ’ ಎಂದು ಕರೆಯಬೇಡಿ. ಅವನ ಪಕ್ಕದಲ್ಲಿ ಕುಳಿತು ನಿಮ್ಮ ವಹಿ ಕೊಡಿ. ಅವನು ಕಳೆದುಕೊಂಡ ಪಾಠಗಳನ್ನು ತೋರಿಸಿ. ಪಾಲಕರೇ, ಬರುವ ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಿ ಮನೆಗೆ ಬಂದ ಮೇಲೆ, ಟ್ರ್ಯಾಕ್ಟರ್ ಬರುವ ಮೊದಲು, ಒಮ್ಮೆ ಶಾಲೆಯ ಕಡೆಗೆ ಬನ್ನಿ. ಯಾರ ಮನೆಯ ಮಗು ಎಲ್ಲಿ ಉಳಿಯಬೇಕು ಎಂಬುದನ್ನು ಕುಳಿತು ಮಾತಾಡೋಣ.